ಮಷಿನ್ ನಮ್ಮದು, ನಂಬರ್ ಯಾರದು?

ಗುಳೇದಗುಡ್ಡ, ಬಾದಾಮಿ, ಬಾಗಲಕೋಟೆ, ಇಳಕಲ್ ಕಡೆ ಓಡಾಡುವವರಿಗೆ ಸಿಎನ್‌ಸಿ ಎಂಬ ಹೆಸರು ಈಗ ಹೊಸದಲ್ಲ. ಬಾಗಿಲಿನ ಮೇಲೆ ಹೂಬಳ್ಳಿ ಕೊರೆಯುವ ರೂಟರ್, ಅಂಗಡಿಯ ಬೋರ್ಡಿಗೆ ಅಕ್ಷರ ಕತ್ತರಿಸುವ ಮಷಿನ್, ಗೇಟಿನ ತಗಡಿನಲ್ಲಿ ಡಿಸೈನ್ ತೆಗೆಯುವ ಪ್ಲಾಸ್ಮಾ ಕಟರ್, ಎಲ್ಲವೂ ಕಂಪ್ಯೂಟರ್ ಹೇಳಿದಂತೆ ನಡೆಯುವವು. ಮೊದಲು ಇವು ದೊಡ್ಡ ಊರಿನ ಕಾರ್ಖಾನೆಗಳಲ್ಲಿ ಮಾತ್ರ ಇದ್ದವು. ಈಗ ಒಬ್ಬ ಬಡಿಗ, ಒಬ್ಬ ವೆಲ್ಡರ್ ಸಾಲ ಮಾಡಿ ತನ್ನ ಶೆಡ್ಡಿನಲ್ಲಿ ಇಟ್ಟುಕೊಳ್ಳುತ್ತಿದ್ದಾನೆ. ಇದು ಒಳ್ಳೆಯ ಬೆಳವಣಿಗೆ.

ಆದರೆ ಒಂದು ವಿಷಯ ಯಾರೂ ಗಮನಿಸುತ್ತಿಲ್ಲ. ಮಷಿನ್ ನಮ್ಮ ಊರಿಗೆ ಬಂದಿದೆ, ಅದರ ಲೆಕ್ಕ ಬಂದಿಲ್ಲ. ಮಷಿನ್ ಎಷ್ಟು ಪಲ್ಸಿಗೆ ಎಷ್ಟು ಮಿಲಿಮೀಟರ್ ಸರಿಯಬೇಕು, ಮೋಟಾರಿಗೆ ಎಷ್ಟು ಆಂಪಿಯರ್ ಕೊಡಬೇಕು, ಎಷ್ಟು ವೇಗಕ್ಕಿಂತ ಹೆಚ್ಚು ಓಡಿಸಬಾರದು ಎಂಬ ಸೆಟ್ಟಿಂಗ್ ನಂಬರುಗಳು ಮಾರಿದವರ ತಲೆಯಲ್ಲಿ ಅಥವಾ ಅವರ ಲ್ಯಾಪ್‌ಟಾಪಿನಲ್ಲಿ ಉಳಿದಿವೆ. ಹಣ ಕೊಟ್ಟವನ ಕೈಯಲ್ಲಿ ಬಿಲ್ ಒಂದೇ ಇದೆ.

ನನ್ನ ಅಭಿಪ್ರಾಯ ಇಷ್ಟೇ. ಮಷಿನ್ ಕೊಂಡವರ ಕೈಯಲ್ಲಿ ಅದರ ನಂಬರುಗಳೂ ಇರಬೇಕು. ಅವನ್ನು ಕನ್ನಡದಲ್ಲಿ, ಒಂದು ಪುಸ್ತಕದಲ್ಲಿ ಬರೆದಿಡಬೇಕು. ಈ ಕೆಲಸವನ್ನು ನಮ್ಮಂಥ ಪಿಯುಸಿ ವಿದ್ಯಾರ್ಥಿಗಳೇ ಮಾಡಿಕೊಡಬಹುದು. ಅದರಲ್ಲೂ ಕಾಮರ್ಸ್ ವಿದ್ಯಾರ್ಥಿಗಳು ಮಾಡಬಹುದು. ಯಾಕೆಂದರೆ ಇದರಲ್ಲಿ ಮುಕ್ಕಾಲು ಪಾಲು ಲೆಕ್ಕ ಬರೆಯುವ ಕೆಲಸ.

ಮಷಿನಿನ ಒಳಗೆ ಏನು ನಡೆಯುತ್ತದೆ

ಮೊದಲು ವಿಷಯ ತಿಳಿದುಕೊಳ್ಳೋಣ. ಸಣ್ಣ ಸಿಎನ್‌ಸಿ ಮಷಿನ್‌ಗಳಲ್ಲಿ ಇರುವುದು ಹೆಚ್ಚಾಗಿ ಸ್ಟೆಪ್ಪರ್ ಮೋಟಾರ್. ಫ್ಯಾನಿನ ಮೋಟಾರಿನಂತೆ ಇದು ಸುಮ್ಮನೆ ತಿರುಗುವುದಿಲ್ಲ, ಹೆಜ್ಜೆ ಹೆಜ್ಜೆಯಾಗಿ ತಿರುಗುತ್ತದೆ. ಸಾಮಾನ್ಯವಾಗಿ ಸಿಗುವ ಮೋಟಾರಿನಲ್ಲಿ ಒಂದು ಹೆಜ್ಜೆ ಎಂದರೆ 1.8 ಡಿಗ್ರಿ. 360ನ್ನು 1.8ರಿಂದ ಭಾಗಿಸಿದರೆ 200. ಅಂದರೆ 200 ಹೆಜ್ಜೆಗೆ ಒಂದು ಪೂರ್ತಿ ಸುತ್ತು.

ಕಂಪ್ಯೂಟರ್ ನೇರವಾಗಿ ಮೋಟಾರನ್ನು ತಿರುಗಿಸಲಾರದು. ಮಧ್ಯೆ ಡ್ರೈವರ್ ಬೋರ್ಡ್ ಬೇಕು. ಕಂಪ್ಯೂಟರ್ ಬರೀ ಸಣ್ಣ ಪಲ್ಸ್ ಕಳಿಸುತ್ತದೆ. ಆ ಪಲ್ಸನ್ನು ನೋಡಿ ಡ್ರೈವರ್ ಬೋರ್ಡ್ ಮೋಟಾರಿನ ಸುರುಳಿಗಳಿಗೆ ದೊಡ್ಡ ಕರೆಂಟ್ ಹಾಯಿಸುತ್ತದೆ. ಈ ಬೋರ್ಡ್ ಒಂದು ಹೆಜ್ಜೆಯನ್ನು ಇನ್ನೂ ಸಣ್ಣ ತುಂಡು ಮಾಡಬಲ್ಲದು. ಇದಕ್ಕೆ ಮೈಕ್ರೋಸ್ಟೆಪ್ ಎನ್ನುತ್ತಾರೆ. ಬೋರ್ಡಿನ ಮೇಲಿನ ಪುಟ್ಟ ಸ್ವಿಚ್‌ಗಳನ್ನು 8ಕ್ಕೆ ಇಟ್ಟರೆ ಒಂದು ಸುತ್ತಿಗೆ 200 ಗುಣಿಸು 8, ಅಂದರೆ 1,600 ಪಲ್ಸ್. 16ಕ್ಕೆ ಇಟ್ಟರೆ 3,200 ಪಲ್ಸ್.

ಮೋಟಾರಿಗೆ ಒಂದು ಸ್ಕ್ರೂ ಜೋಡಿಸಿರುತ್ತಾರೆ. ಆ ಸ್ಕ್ರೂ ಒಂದು ಸುತ್ತು ತಿರುಗಿದರೆ ಮಷಿನಿನ ತಲೆ 5 ಮಿ.ಮೀ. ಸರಿಯುತ್ತದೆ ಎಂದುಕೊಳ್ಳಿ. 1,600 ಪಲ್ಸಿಗೆ 5 ಮಿ.ಮೀ. ಆದರೆ 1 ಮಿ.ಮೀ.ಗೆ ಎಷ್ಟು? 320. ಈ 320 ಎಂಬ ಸಂಖ್ಯೆಯನ್ನು ಸಾಫ್ಟ್‌ವೇರಿಗೆ ಹೇಳಬೇಕು. ಮ್ಯಾಕ್3ಯಲ್ಲಿ ಇದು ಮೋಟಾರ್ ಟ್ಯೂನಿಂಗ್ ಎಂಬ ಪುಟದಲ್ಲಿ ಇರುತ್ತದೆ. ಲಿನಕ್ಸ್‌ಸಿಎನ್‌ಸಿಯಲ್ಲಿ ಒಂದು ಫೈಲಿನಲ್ಲಿ ಸ್ಕೇಲ್ ಎಂಬ ಹೆಸರಿನಲ್ಲಿ ಇರುತ್ತದೆ. ಆರ್ಡುಯಿನೋ ಬೋರ್ಡಿನ ಮೇಲೆ ನಡೆಯುವ ಜಿಆರ್‌ಬಿಎಲ್‌ನಲ್ಲಿ $$ ಎಂದು ಟೈಪ್ ಮಾಡಿದರೆ ಎಲ್ಲ ಸೆಟ್ಟಿಂಗ್‌ಗಳ ಪಟ್ಟಿ ಬರುತ್ತದೆ. ಅದರಲ್ಲಿ $100, $101, $102 ಎಂಬ ಮೂರು ಸಾಲುಗಳು ಎಕ್ಸ್, ವೈ, ಝಡ್ ಮೂರು ದಿಕ್ಕಿನ ಈ ಸಂಖ್ಯೆಗಳು.

ಭಾಗಾಕಾರ, ಗುಣಾಕಾರ ಬಿಟ್ಟರೆ ಇದರಲ್ಲಿ ಬೇರೆ ಏನೂ ಇಲ್ಲ. ಏಳನೇ ತರಗತಿಯ ಗಣಿತ ಸಾಕು.

ವೃತ್ತ ಕೋಳಿಮೊಟ್ಟೆಯಾದದ್ದು

ಇಷ್ಟು ಸಣ್ಣ ಲೆಕ್ಕ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಡೆಯ ಒಂದು ಬಡಿಗ ಅಂಗಡಿಯ ಉದಾಹರಣೆ ಇದೆ. ಅಲ್ಲಿ ಒಂದು ಚಿಕ್ಕ ರೂಟರ್ ಇದೆ. ಕಳೆದ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವಾಗ ಎಕ್ಸ್ ದಿಕ್ಕಿನ ಡ್ರೈವರ್ ಬೋರ್ಡ್ ಸುಟ್ಟಿತು. ನೋಡಲು ಹಾಗೇ ಇರುವ ಹೊಸ ಬೋರ್ಡ್ ತರಿಸಿ, ವೈರಿನ ಬಣ್ಣ ನೋಡಿ ಸರಿಯಾಗಿಯೇ ಜೋಡಿಸಿದರು. ಮಷಿನ್ ಓಡಿತು. ಆದರೆ ದುಂಡಗಿನ ಹೂವು ಕೋಳಿಮೊಟ್ಟೆಯ ಹಾಗೆ ಬಂತು. ಒಂದು ದಿಕ್ಕಿನಲ್ಲಿ 100 ಮಿ.ಮೀ., ಇನ್ನೊಂದು ದಿಕ್ಕಿನಲ್ಲಿ 50.

ಬೋರ್ಡ್ ಕೆಟ್ಟಿದೆ ಎಂದು ಒಬ್ಬರು, ಸಾಫ್ಟ್‌ವೇರಿಗೆ ವೈರಸ್ ಬಂದಿದೆ ಎಂದು ಇನ್ನೊಬ್ಬರು. ಮಷಿನ್ ಮಾರಿದವರಿಗೆ ಫೋನ್ ಹಚ್ಚಿದರೆ ‘ಹುಡುಗನನ್ನು ಕಳಿಸುತ್ತೇವೆ’ ಎಂದರು. ಹುಡುಗ ಬಂದದ್ದು ಆರನೇ ದಿನ. ಬಂದವನು ಕರೆಂಟ್ ಆಫ್ ಮಾಡಿ, ಹೊಸ ಬೋರ್ಡಿನ ಮೇಲಿನ ಎರಡು ಪುಟ್ಟ ಸ್ವಿಚ್ ಸರಿಸಿ, ಮತ್ತೆ ಆನ್ ಮಾಡಿದ. ಹತ್ತು ನಿಮಿಷದ ಕೆಲಸ. ಏನು ಮಾಡಿದೆ ಎಂದು ಹೇಳಲಿಲ್ಲ, ಬರೆದೂ ಕೊಡಲಿಲ್ಲ. ಬಂದು ಹೋಗುವ ಖರ್ಚು, ಸರ್ವೀಸ್ ಚಾರ್ಜ್ ತೆಗೆದುಕೊಂಡು ಹೋದ.

ಮೇಲಿನ ಲೆಕ್ಕ ತಿಳಿದವರಿಗೆ ಇಲ್ಲಿ ಆದದ್ದು ಕೂಡಲೇ ಗೊತ್ತಾಗುತ್ತದೆ. ಹಳೆಯ ಬೋರ್ಡ್ 8ರಲ್ಲಿ ಇತ್ತು, ಹೊಸದು 16ರಲ್ಲಿ ಬಂದಿತ್ತು. ಸಾಫ್ಟ್‌ವೇರ್ 100 ಮಿ.ಮೀ.ಗೆ ಎಂದಿನಂತೆ 32,000 ಪಲ್ಸ್ ಕಳಿಸಿತು. ಹೊಸ ಬೋರ್ಡಿಗೆ ಒಂದು ಸುತ್ತಿಗೆ 3,200 ಬೇಕು. ಹಾಗಾಗಿ ಮೋಟಾರ್ 20 ಸುತ್ತಿನ ಬದಲು 10 ಸುತ್ತು ತಿರುಗಿತು. 10 ಸುತ್ತು ಎಂದರೆ 50 ಮಿ.ಮೀ. ಬೋರ್ಡ್ ಕೆಟ್ಟಿರಲಿಲ್ಲ, ಸಾಫ್ಟ್‌ವೇರೂ ಕೆಟ್ಟಿರಲಿಲ್ಲ. ಹಳೆಯ ಬೋರ್ಡಿನ ಸ್ವಿಚ್ ಹೇಗಿದ್ದವು ಎಂದು ಒಂದು ಚೀಟಿಯ ಮೇಲೆ ಬರೆದಿಟ್ಟಿದ್ದರೆ ಆರು ದಿನ ಉಳಿಯುತ್ತಿದ್ದವು.

ನಿಂತ ಮಷಿನಿನ ಖರ್ಚು

ಆರು ದಿನ ದೊಡ್ಡ ಮಾತೇನಲ್ಲ ಎಂದು ಯಾರಾದರೂ ಹೇಳಬಹುದು. ನಾವು ಕಾಮರ್ಸ್ ಓದುವವರು, ಲೆಕ್ಕ ಹಾಕಿ ನೋಡೋಣ.

ಉದಾಹರಣೆಗೆ ಒಬ್ಬರು 3 ಲಕ್ಷ ರೂಪಾಯಿ ಸಾಲ ಮಾಡಿ ಮಷಿನ್ ತಂದರು ಎಂದುಕೊಳ್ಳಿ. ಬಡ್ಡಿ ವರ್ಷಕ್ಕೆ ಶೇ. 12, ಅವಧಿ 36 ತಿಂಗಳು. ತಿಂಗಳ ಕಂತು ಸುಮಾರು 9,964 ರೂಪಾಯಿ. ಇದನ್ನು 30ರಿಂದ ಭಾಗಿಸಿದರೆ ದಿನಕ್ಕೆ 332 ರೂಪಾಯಿ. ಮಷಿನ್ ಓಡಿದರೂ 332, ನಿಂತರೂ 332. ಆರು ದಿನಕ್ಕೆ ಸುಮಾರು 2,000 ರೂಪಾಯಿ ಬ್ಯಾಂಕಿಗೇ ಹೋಯಿತು. ಅದರ ಮೇಲೆ ಶೆಡ್ಡಿನ ಬಾಡಿಗೆ, ಕೆಲಸಕ್ಕೆ ಬಂದು ಕುಳಿತ ಹುಡುಗನ ಪಗಾರ, ಟೆಕ್ನಿಷಿಯನ್ ಖರ್ಚು. ಪುಸ್ತಕದಲ್ಲಿ ನಾವು ಓದುವ ಸ್ಥಿರ ವೆಚ್ಚ ಎಂದರೆ ಇದೇ. ಉತ್ಪಾದನೆ ಸೊನ್ನೆಯಾದರೂ ಅದು ಸೊನ್ನೆಯಾಗುವುದಿಲ್ಲ.

ಇದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಮನೆಯ ವಾಸ್ತುಶಾಂತಿ ಅಥವಾ ಮದುವೆ ಎದುರಿಗೆ ಇಟ್ಟುಕೊಂಡು ಬಾಗಿಲು ಹೇಳಿದವರು ಕಾಯುವುದಿಲ್ಲ. ಅವರು ಬಾಗಲಕೋಟೆಗೆ ಹೋಗಿ ಮಾಡಿಸಿಕೊಳ್ಳುತ್ತಾರೆ. ಮುಂದಿನ ಸಲವೂ ಅಲ್ಲಿಗೇ ಹೋಗುತ್ತಾರೆ. ಹೋದ ಗಿರಾಕಿಯನ್ನು ಯಾವ ಖಾತೆಯಲ್ಲಿ ಬರೆಯುವುದು?

ಪಾಸ್ ಬುಕ್ ಇಲ್ಲದ ಖಾತೆ

ಸ್ಟೆಪ್ಪರ್ ಮೋಟಾರಿನ ಬಗ್ಗೆ ತಿಳಿಯಬೇಕಾದ ಇನ್ನೊಂದು ಮುಖ್ಯ ಸಂಗತಿ ಇದೆ. ಇದು ಕಾಮರ್ಸ್ ವಿದ್ಯಾರ್ಥಿಗಳಿಗೆ ಬೇಗ ಅರ್ಥವಾಗುತ್ತದೆ.

ಬೆಂಗಳೂರಿನಲ್ಲಿ 1953ರಲ್ಲಿ ಎಚ್‌ಎಂಟಿ ಶುರುವಾದಾಗಿನಿಂದ ನಮ್ಮ ರಾಜ್ಯ ಯಂತ್ರ ತಯಾರಿಸುವ ಯಂತ್ರಗಳಿಗೆ ಹೆಸರಾಗಿದೆ. ಪೀಣ್ಯದಂಥ ಕಡೆ ತಯಾರಾಗುವ ದೊಡ್ಡ ಸಿಎನ್‌ಸಿ ಮಷಿನ್‌ಗಳಲ್ಲಿ ಸಾಮಾನ್ಯವಾಗಿ ಸರ್ವೋ ಮೋಟಾರ್ ಇರುತ್ತದೆ. ಅದರ ಹಿಂದೆ ಎನ್‌ಕೋಡರ್ ಎಂಬ ಭಾಗವಿದ್ದು, ‘ನಾನು ಇಷ್ಟು ತಿರುಗಿದೆ’ ಎಂದು ಅದು ಕಂಟ್ರೋಲರಿಗೆ ವರದಿ ಮಾಡುತ್ತದೆ. ನಮ್ಮ ಓಣಿಯ ಸಣ್ಣ ಮಷಿನ್‌ಗಳ ಸ್ಟೆಪ್ಪರಿನಲ್ಲಿ ಸಾಮಾನ್ಯವಾಗಿ ಈ ವರದಿ ಇರುವುದಿಲ್ಲ. ಸಾಫ್ಟ್‌ವೇರ್ ಪಲ್ಸ್ ಕಳಿಸಿತು, ಪರದೆಯ ಮೇಲೆ 100.00 ಎಂದು ತೋರಿಸಿತು, ಅಲ್ಲಿಗೆ ಮುಗಿಯಿತು. ಮೋಟಾರ್ ನಿಜವಾಗಿ ತಿರುಗಿತೇ ಎಂದು ಅದು ನೋಡುವುದಿಲ್ಲ. ನಡುವೆ ಮರದ ಗಂಟು ಸಿಕ್ಕು ಮೋಟಾರ್ ಹೆಜ್ಜೆ ತಪ್ಪಿದರೂ ಪರದೆಯ ಮೇಲೆ 100.00 ಎಂದೇ ಇರುತ್ತದೆ.

ಇದು ನಗದು ಪುಸ್ತಕ ಇದ್ದು ಪಾಸ್ ಬುಕ್ ಇಲ್ಲದಂಥ ಸ್ಥಿತಿ. ನಗದು ಪುಸ್ತಕದಲ್ಲಿ ಚೆಕ್ ಕೊಟ್ಟೆವು ಎಂದು ಬರೆದಿರುತ್ತೇವೆ. ಬ್ಯಾಂಕಿನಲ್ಲಿ ಅದು ಪಾಸಾಯಿತೇ ಎಂಬುದು ಬೇರೆ ವಿಷಯ. ಅದಕ್ಕೇ ತಾನೆ ನಮಗೆ ಬ್ಯಾಂಕ್ ರಿಕನ್ಸಿಲಿಯೇಶನ್ ಕಲಿಸುವುದು? ಸ್ಟೆಪ್ಪರ್ ಮಷಿನಿಗೆ ಪಾಸ್ ಬುಕ್ ಎಂದರೆ ಸ್ಟೀಲ್ ಸ್ಕೇಲ್ ಅಥವಾ ವರ್ನಿಯರ್ ಕ್ಯಾಲಿಪರ್. ವಾರಕ್ಕೊಮ್ಮೆ, ಬಿಟ್ ತೆಗೆದಿಟ್ಟು, 200 ಮಿ.ಮೀ. ಸರಿ ಎಂದು ಹೇಳಿ ಅಳೆಯಬೇಕು. ಪರದೆ ಹೇಳಿದ್ದು ಒಂದು ಕಾಲಂ, ಸ್ಕೇಲ್ ಹೇಳಿದ್ದು ಇನ್ನೊಂದು ಕಾಲಂ.

ವ್ಯತ್ಯಾಸ ಬಂದರೆ ಅದು ಯಾವ ಜಾತಿಯ ವ್ಯತ್ಯಾಸ ಎಂದು ನೋಡಬೇಕು. 100ಕ್ಕೆ 1, 200ಕ್ಕೆ 2, 400ಕ್ಕೆ 4 ಹೀಗೆ ಒಂದೇ ಪ್ರಮಾಣದಲ್ಲಿ ಬಂದರೆ ತಪ್ಪು ಸೆಟ್ಟಿಂಗಿನಲ್ಲಿ ಇದೆ. ಒಮ್ಮೆ ಸರಿ, ಒಮ್ಮೆ ತಪ್ಪು, ಕೆಲಸ ಮುಂದುವರಿದಂತೆ ಹೆಚ್ಚುತ್ತ ಹೋದರೆ ಮೋಟಾರ್ ಹೆಜ್ಜೆ ಕಳೆದುಕೊಳ್ಳುತ್ತಿದೆ. ಕರೆಂಟ್ ಕಡಿಮೆ ಇಟ್ಟಿರಬಹುದು, ವೇಗ ಹೆಚ್ಚು ಇಟ್ಟಿರಬಹುದು, ಸ್ಕ್ರೂನಲ್ಲಿ ಪುಡಿ ಸಿಕ್ಕಿರಬಹುದು. ಹೋಗುವಾಗ ಸರಿ ಇದ್ದು, ದಿಕ್ಕು ಬದಲಿಸಿದಾಗ ಮಾತ್ರ ಸ್ವಲ್ಪ ತಪ್ಪಿದರೆ ಸ್ಕ್ರೂ ಮತ್ತು ನಟ್ ನಡುವೆ ಸಡಿಲ ಇದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಅಳತೆ ತಪ್ಪಿದ ಕೂಡಲೇ ಸಾಫ್ಟ್‌ವೇರಿನ 320ನ್ನು 323 ಮಾಡಿ ‘ಸರಿ ಹೋಯಿತು’ ಎನ್ನುವವರಿದ್ದಾರೆ. ಸ್ಕ್ರೂ 5 ಮಿ.ಮೀ.ದೇ, ಸ್ವಿಚ್ 8ರಲ್ಲೇ ಇದ್ದರೆ ಲೆಕ್ಕದ ಪ್ರಕಾರ 320 ಬರಲೇಬೇಕು. ಬರದಿದ್ದರೆ ಕಾರಣ ಬೇರೆ ಕಡೆ ಇದೆ. ಅದನ್ನು ಹುಡುಕದೆ ಸಂಖ್ಯೆ ತಿದ್ದುವುದು ತಾಳೆ ಪಟ್ಟಿ ಕೂಡದಿದ್ದಾಗ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಮರೆತುಬಿಟ್ಟಂತೆ. ಪಟ್ಟಿ ಕೂಡಿತು, ತಪ್ಪು ಒಳಗೇ ಉಳಿಯಿತು. ಬೆಲ್ಟಿನ ಮಷಿನ್‌ಗಳಲ್ಲಿ ಸ್ವಲ್ಪ ತಿದ್ದಬೇಕಾಗುತ್ತದೆ ನಿಜ. ಆದರೆ ಕಾರಣ ಹುಡುಕಿದ ಮೇಲೆ ತಿದ್ದಬೇಕು.

‘ಜಾಸ್ತಿ ಇಟ್ಟರೆ ಒಳ್ಳೆಯದು’ ಎಂಬ ತಿಳುವಳಿಕೆಯೂ ಸರಿಯಲ್ಲ. ಮೈಕ್ರೋಸ್ಟೆಪ್ 8ರ ಬದಲು 32 ಇಟ್ಟರೆ ಚಲನೆ ನುಣುಪಾಗುತ್ತದೆ. ಆದರೆ 1 ಮಿ.ಮೀ.ಗೆ 320 ಪಲ್ಸ್ ಬದಲು 1,280 ಪಲ್ಸ್ ಬೇಕಾಗುತ್ತದೆ. ಪ್ಯಾರಲಲ್ ಪೋರ್ಟಿನಲ್ಲಿ ಮ್ಯಾಕ್3 ಓಡಿಸುವಾಗ ಸಾಮಾನ್ಯವಾಗಿ ಇಡುವ ಮಿತಿ ಸೆಕೆಂಡಿಗೆ 25,000 ಪಲ್ಸ್. 320 ಇದ್ದಾಗ ನಿಮಿಷಕ್ಕೆ ಸುಮಾರು 4,680 ಮಿ.ಮೀ. ವೇಗ ಸಿಗುತ್ತದೆ. 1,280 ಆದರೆ ಸುಮಾರು 1,170 ಮಾತ್ರ. ಕೆಲಸ ನಾಲ್ಕು ಪಟ್ಟು ನಿಧಾನ. ಅಂಗಡಿಯ ಲೆಕ್ಕವನ್ನು ರೂಪಾಯಿಯ ಬದಲು ಪೈಸೆಯಲ್ಲಿ ಬರೆದಂತೆ. ಬರೆಯುವ ಕೆಲಸ ಹೆಚ್ಚುತ್ತದೆ, ಲಾಭ ಅಷ್ಟು ಹೆಚ್ಚುವುದಿಲ್ಲ. ಕರೆಂಟಿನ ವಿಷಯವೂ ಹಾಗೇ. ಮೋಟಾರಿನ ಚೀಟಿಯ ಮೇಲೆ 2.8 ಆಂಪಿಯರ್ ಎಂದಿದ್ದರೆ ಬೋರ್ಡಿನಲ್ಲಿ 4 ಇಡುವುದರಿಂದ ಮೋಟಾರ್ ಸುಡುತ್ತದೆ. 1 ಇಟ್ಟರೆ ಶಕ್ತಿ ಸಾಲದೆ ಹೆಜ್ಜೆ ತಪ್ಪುತ್ತದೆ.

ಮಗ್ಗದ ಊರಿಗೆ ಇದು ಹೊಸದಲ್ಲ

‘ಇದೆಲ್ಲ ಇಂಜಿನಿಯರ್‌ಗಳ ಕೆಲಸ, ನಮ್ಮ ಊರವರಿಗೆ ಎಲ್ಲಿ ಬರಬೇಕು’ ಎನ್ನುವವರಿಗೆ ನನ್ನ ಉತ್ತರ ನಮ್ಮ ಊರೇ. ಗುಳೇದಗುಡ್ಡ ಖಣದ ಊರು. ಕುಪ್ಪಸದ ಬಟ್ಟೆಗೆ ನಮ್ಮ ಊರಿನ ಹೆಸರು ಮಹಾರಾಷ್ಟ್ರದವರೆಗೂ ಹೋಗಿದೆ, ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಖಣದ ಮೇಲಿನ ತೇರು, ಸೂರ್ಯನಾರಾಯಣ ಮುಂತಾದ ಚಿತ್ರಗಳು ಸುಮ್ಮನೆ ಬರುವುದಿಲ್ಲ. ಡಾಬಿ ಇರುವ ಮಗ್ಗದಲ್ಲಿ ಮರದ ಪಟ್ಟಿಗಳ ಸರಪಳಿ ಇರುತ್ತದೆ. ಪಟ್ಟಿಯಲ್ಲಿ ಗೂಟ ಇದ್ದ ಕಡೆ ಆ ಸಾಲಿನ ಹಾಸಿನ ಎಳೆಗಳು ಏಳುತ್ತವೆ, ಇಲ್ಲದ ಕಡೆ ಏಳುವುದಿಲ್ಲ. ಒಂದು ಹೊಕ್ಕಿಗೆ ಒಂದು ಪಟ್ಟಿ. ಗೂಟ ಒಂದು ಕಡೆ ತಪ್ಪಿದರೆ ಚಿತ್ರ ತಪ್ಪುತ್ತದೆ.

1804ರಲ್ಲಿ ಫ್ರಾನ್ಸಿನ ಜೋಸೆಫ್ ಮಾರಿ ಜಕಾರ್ಡ್ ಗೂಟದ ಬದಲು ತೂತು ಹಾಕಿದ ರಟ್ಟಿನ ಹಾಳೆಗಳಿಂದ ಮಗ್ಗ ನಡೆಸಿ ತೋರಿಸಿದರು. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಸಂಖ್ಯೆಗಳಿಂದ ನಡೆಯುವ ಮಿಲ್ಲಿಂಗ್ ಮಷಿನ್ ತೋರಿಸಿದಾಗ ಅದಕ್ಕೂ ಆಜ್ಞೆ ಕೊಟ್ಟದ್ದು ತೂತು ಹಾಕಿದ ಪಟ್ಟಿಯೇ. ಇವತ್ತಿನ ಸಿಎನ್‌ಸಿ ಅದರ ಮುಂದುವರಿದ ರೂಪ. ಆಜ್ಞೆಯನ್ನು ಮೊದಲೇ ಬರೆದಿಟ್ಟು ಯಂತ್ರದಿಂದ ಮಾಡಿಸುವ ಬುದ್ಧಿ ಮಗ್ಗದ ಊರುಗಳಿಗೆ ಮೊದಲಿನಿಂದ ಇದೆ.

ಒಂದು ವ್ಯತ್ಯಾಸ ಮಾತ್ರ ಇದೆ. ಡಾಬಿಯ ಗೂಟ ಎಲ್ಲರ ಕಣ್ಣಿಗೆ ಕಾಣುತ್ತದೆ. ಕೆಟ್ಟರೆ ಓಣಿಯ ಹಿರಿಯ ನೇಕಾರರೊಬ್ಬರು ಬಂದು ಎಣಿಸಿ ಸರಿ ಮಾಡಬಲ್ಲರು. ಸಿಎನ್‌ಸಿಯ ಸೆಟ್ಟಿಂಗ್ ಕಾಣುವುದಿಲ್ಲ, ಸಾಫ್ಟ್‌ವೇರಿನ ಒಳಗೆ ಇಂಗ್ಲಿಷಿನಲ್ಲಿ ಇರುತ್ತದೆ. ಹಾಗಾಗಿ ಜ್ಞಾನ ಊರಿನಿಂದ ಹೊರಗೆ ಉಳಿದಿದೆ. ಅದನ್ನು ಕಾಣುವಂತೆ ಮಾಡುವುದೇ ನಮ್ಮ ಕೆಲಸ.

ಪವರ್‌ಲೂಮ್ ಬಂದ ಮೇಲೆ ಕೈಮಗ್ಗಗಳು ಕಡಿಮೆಯಾದದ್ದನ್ನು ನಮ್ಮ ಊರು ನೋಡಿದೆ. ಮಷಿನ್ ಬಂದರೆ ಕೈಕೆಲಸ ಹೋಗುತ್ತದೆ ಎಂಬ ಹೆದರಿಕೆ ಸುಳ್ಳಲ್ಲ. ಸೆಟ್ಟಿಂಗ್ ಬರೆದಿಟ್ಟರೆ ಆ ಸಮಸ್ಯೆ ಪರಿಹಾರವಾಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಮಷಿನ್ ಬಂದೇ ಬರುತ್ತದೆ ಎಂದಾದರೆ, ಅದರ ಜೊತೆಗೆ ಬರುವ ರಿಪೇರಿಯ ಕೆಲಸ, ಸೆಟ್ಟಿಂಗಿನ ಕೆಲಸ, ಕಲಿಸುವ ಕೆಲಸ ನಮ್ಮ ಊರಿನ ಹುಡುಗ ಹುಡುಗಿಯರಿಗೆ ಸಿಗಲಿ. ಕೈಕೆಲಸವೂ ಹೋಗಿ ಈ ಕೆಲಸವೂ ಬೇರೆ ಊರಿಗೆ ಹೋದರೆ ನಮಗೆ ಉಳಿಯುವುದು ಕಂತು ಮಾತ್ರ.

ಎರಡು ಆಕ್ಷೇಪ

ಮೊದಲನೆಯದು ವಾರಂಟಿ. ‘ಸೆಟ್ಟಿಂಗ್ ಮುಟ್ಟಿದರೆ ವಾರಂಟಿ ಹೋಗುತ್ತದೆ’ ಎಂದು ಮಾರುವವರು ಹೇಳುತ್ತಾರೆ. ಅವರ ಮಾತಿನಲ್ಲಿ ಅರ್ಥವಿದೆ. ಗೊತ್ತಿಲ್ಲದೆ ಸಂಖ್ಯೆ ಬದಲಿಸಿ ಮಷಿನ್ ಕೆಡಿಸಿಕೊಂಡು ಅವರ ಮೇಲೆ ಜಗಳಕ್ಕೆ ಹೋಗುವುದು ನ್ಯಾಯವಲ್ಲ. ಆದರೆ ನೋಡಿ ಬರೆದುಕೊಳ್ಳುವುದು ಮುಟ್ಟಿದಂತೆ ಅಲ್ಲ. $$ ಎಂದು ಟೈಪ್ ಮಾಡಿದರೆ ಪಟ್ಟಿ ಕಾಣುತ್ತದೆ, ಏನೂ ಬದಲಾಗುವುದಿಲ್ಲ. ಸ್ವಿಚ್‌ಗಳ ಫೋಟೋ ತೆಗೆದರೆ ಯಾವ ವಾರಂಟಿಯೂ ಹೋಗುವುದಿಲ್ಲ. ಬದಲಿಸುವ ಕೆಲಸವನ್ನು ವಾರಂಟಿ ಮುಗಿಯುವವರೆಗೆ ಅವರೇ ಮಾಡಲಿ, ಮಾಡಿದ್ದನ್ನು ನಮ್ಮ ಪುಸ್ತಕದಲ್ಲಿ ಬರೆದು ಸಹಿ ಹಾಕಲಿ. ಗಿರಾಕಿಗೆ ಸೆಟ್ಟಿಂಗ್ ತೋರಿಸದೆ ಪಾಸ್‌ವರ್ಡ್ ಹಾಕುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಮನೆ ಮಾರಿ ಒಂದು ಕೋಣೆಯ ಬೀಗದ ಕೈ ಇಟ್ಟುಕೊಂಡಂತೆ ಅದು.

ಎರಡನೆಯದು ಅಪಾಯ. ವಿದ್ಯಾರ್ಥಿಗಳು ಮಷಿನ್ ಹತ್ತಿರ ಹೋದರೆ ಏನಾದರೂ ಆದರೆ ಎಂದು ಪಾಲಕರು ಕೇಳಬಹುದು. ಕೇಳಲೇಬೇಕು. ಅದಕ್ಕೇ ನಿಯಮ ಬೇಕು. ಬರೆದುಕೊಳ್ಳುವಾಗ ಮಷಿನ್ ಆಫ್ ಇರಬೇಕು. ಅಳತೆ ಪರೀಕ್ಷೆ ಮಾಡುವಾಗ ಬಿಟ್ ತೆಗೆದಿರಬೇಕು, ಓಡಿಸುವವರು ಮೇಸ್ತ್ರಿಯೇ ಆಗಿರಬೇಕು. ಕರೆಂಟ್ ಇದ್ದಾಗ ಮೋಟಾರಿನ ವೈರ್ ಕೀಳಬಾರದು, ಡ್ರೈವರ್ ಬೋರ್ಡ್ ಅಲ್ಲೇ ಸುಟ್ಟುಹೋಗಬಹುದು. ಕೆಂಪು ಎಮರ್ಜೆನ್ಸಿ ಬಟನ್ ಒತ್ತಿದರೆ ಸಾಫ್ಟ್‌ವೇರನ್ನು ಕೇಳದೆ ಪವರ್ ಕಟ್ ಆಗುತ್ತದೆಯೇ ಎಂದು ಮೊದಲು ನೋಡಬೇಕು. ನಿಜ ಹೇಳಬೇಕೆಂದರೆ ಎಷ್ಟೋ ಕಡೆ ಈ ಬಟನ್ ಪರೀಕ್ಷೆ ಯಾರೂ ಮಾಡಿರುವುದಿಲ್ಲ. ಪುಸ್ತಕ ಬರೆಯುವ ನೆಪದಲ್ಲಿ ಅದೂ ಆಗುತ್ತದೆ.

ಏನು ಬರೆದಿಡಬೇಕು

ಇದಕ್ಕೆ ಒಂದು ಪುಟ ಸಾಕು. ನಾನು ಇದನ್ನು ‘ಮಷಿನ್ ಖಾತೆ’ ಎಂದು ಕರೆಯುತ್ತೇನೆ.

1. ಪ್ರತಿ ದಿಕ್ಕಿನ ಮೋಟಾರಿನ ಚೀಟಿಯ ಮೇಲಿರುವ ಆಂಪಿಯರ್ ಮತ್ತು ಡಿಗ್ರಿ.
2. ಡ್ರೈವರ್ ಬೋರ್ಡಿನ ಹೆಸರು. ಟಿಬಿ6600 ಅಥವಾ ಬೇರೆ ಏನೇ ಇರಲಿ, ಮೇಲೆ ಬರೆದಿರುವಂತೆ.
3. ಸ್ವಿಚ್‌ಗಳ ಸ್ಥಿತಿ. ಯಾವುದು ಆನ್, ಯಾವುದು ಆಫ್ ಎಂದು ಚಿತ್ರ ಬರೆದು. ಸ್ವಿಚ್ ಇಲ್ಲದ ಸಣ್ಣ ಬೋರ್ಡ್ ಆಗಿದ್ದರೆ ಜಂಪರ್‌ಗಳ ಸ್ಥಿತಿ.
4. ಆ ಸ್ವಿಚ್ ಪ್ರಕಾರ ಮೈಕ್ರೋಸ್ಟೆಪ್ ಎಷ್ಟು, ಕರೆಂಟ್ ಎಷ್ಟು.
5. ಸ್ಕ್ರೂ ಒಂದು ಸುತ್ತಿಗೆ ಎಷ್ಟು ಮಿ.ಮೀ. ಬೆಲ್ಟ್ ಆಗಿದ್ದರೆ ಪುಲ್ಲಿಯ ಹಲ್ಲು ಎಷ್ಟು, ಹಲ್ಲಿನ ಅಂತರ ಎಷ್ಟು.
6. ಸಾಫ್ಟ್‌ವೇರಿನಲ್ಲಿರುವ ಒಂದು ಮಿ.ಮೀ.ಗೆ ಪಲ್ಸ್ ಸಂಖ್ಯೆ. ಪಕ್ಕದಲ್ಲೇ ನಮ್ಮ ಲೆಕ್ಕದ ಸಂಖ್ಯೆ. ಎರಡೂ ಕೂಡಬೇಕು.
7. ಗರಿಷ್ಠ ವೇಗ ಮತ್ತು ವೇಗ ಏರುವ ಪ್ರಮಾಣ.
8. ಪವರ್ ಸಪ್ಲೈ ಎಷ್ಟು ವೋಲ್ಟ್.
9. ಯಾವ ದಿಕ್ಕನ್ನು ಉಲ್ಟಾ ಮಾಡಿದ್ದಾರೆ, ಲಿಮಿಟ್ ಸ್ವಿಚ್ ಎಲ್ಲಿ ಇವೆ.
10. ಸೆಟ್ಟಿಂಗ್ ಫೈಲಿನ ಪ್ರತಿ ಯಾವ ಪೆನ್‌ಡ್ರೈವಿನಲ್ಲಿ ಇದೆ. ಕೊನೆಗೆ ತಾರೀಖು, ಬರೆದವರ ಸಹಿ.

ಮುಂದೆ ಯಾರು ಏನು ಬದಲಿಸಿದರೂ ಹಳೆಯದನ್ನು ಅಳಿಸದೆ ಕೆಳಗೆ ಹೊಸ ಸಾಲು ಬರೆಯಬೇಕು. ಲೆಡ್ಜರಿನಲ್ಲಿ ನಾವು ರಬ್ಬರ್ ಹಚ್ಚುತ್ತೇವೆಯೇ? ಇಲ್ಲಿಯೂ ಹಚ್ಚಬಾರದು.

ಭಾಷೆಯ ವಿಷಯ ಒಂದು ಮಾತು. ಬೋರ್ಡಿನ ಜೊತೆ ಬರುವ ಕಾಗದ ಇಂಗ್ಲಿಷಿನಲ್ಲಿ, ಕೆಲವೊಮ್ಮೆ ಚೀನೀ ಭಾಷೆಯಲ್ಲಿ ಇರುತ್ತದೆ. ಮೊಬೈಲಿನಲ್ಲಿ ನೋಡುವ ವಿಡಿಯೋಗಳು ಹೆಚ್ಚಾಗಿ ಹಿಂದಿ. ನಮ್ಮ ಮನೆಗಳಲ್ಲಿ ಉರ್ದು ಮಾತಾಡುತ್ತೇವೆ, ಹಾಗಾಗಿ ಹಿಂದಿ ವಿಡಿಯೋ ಕೇಳಿದರೆ ತಿಳಿಯುತ್ತದೆ. ಆದರೆ ಅಂಗಡಿಯಲ್ಲಿ ಒಬ್ಬ ಮೇಸ್ತ್ರಿ ಉರ್ದು ಮನೆಯವನು, ಇನ್ನೊಬ್ಬ ಕನ್ನಡ ಮನೆಯವನು, ಇಬ್ಬರೂ ಓದುವುದು ಕನ್ನಡ. ಬರೆದಿಡುವುದು ಕನ್ನಡದಲ್ಲೇ ಆಗಬೇಕು. ಪಲ್ಸ್, ಡ್ರೈವರ್, ಸ್ಟೆಪ್ ಇವು ಕನ್ನಡ ಪದಗಳಲ್ಲ ಎಂದು ಹಿಂಜರಿಯಬೇಕಾಗಿಲ್ಲ. ಜಮಾ, ಖರ್ಚು, ಬಾಕಿ, ರಸೀದಿ ಇವೆಲ್ಲ ಅರಬ್ಬಿ, ಫಾರಸಿಯಿಂದ ಬಂದವು. ಇವತ್ತು ಅವಿಲ್ಲದೆ ಕನ್ನಡದಲ್ಲಿ ಲೆಕ್ಕ ಬರೆಯಲಾಗುತ್ತದೆಯೇ? ಕೆಲಸ ಮಾಡುವ ಕೈಗೆ ಬೇಕಾದ ಪದ ಭಾಷೆಯೊಳಗೆ ತಾನಾಗಿ ಬರುತ್ತದೆ.

ಬರೆದಿಡುವುದನ್ನು ನಮ್ಮ ಧರ್ಮವೂ ಸಣ್ಣ ಕೆಲಸ ಎಂದು ಎಣಿಸಿಲ್ಲ. ಕುರಾನಿನ ಎಲ್ಲಕ್ಕಿಂತ ಉದ್ದದ ಆಯತ್, ಸೂರಾ ಬಕರಾದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆಯೇ ಇದೆ. ನಂಬಿಕೆ ಇದ್ದರೂ ಬರೆಯಬೇಕು, ಮುಂದೆ ಜಗಳ ಬಾರದಿರಲಿ ಎಂಬುದು ಅದರ ಉದ್ದೇಶ. ಸಾಲ ಮಾಡಿ ತಂದ ಮಷಿನಿಗೂ ಇದೇ ಬುದ್ಧಿ ಉಪಯೋಗಿಸಿದರೆ ಒಳ್ಳೆಯದು.

ನಮ್ಮ ಕಾಲೇಜು ಏನು ಮಾಡಬಹುದು

ದೊಡ್ಡ ಲ್ಯಾಬ್ ಬೇಕಾಗಿಲ್ಲ. ಒಂದು ಆರ್ಡುಯಿನೋ, ಒಂದು ಡ್ರೈವರ್ ಬೋರ್ಡ್, ಒಂದು ಸ್ಟೆಪ್ಪರ್ ಮೋಟಾರ್, ಒಂದು ಪವರ್ ಸಪ್ಲೈ. ಒಂದು ಸಾಧಾರಣ ಮೊಬೈಲ್ ಫೋನಿನ ಬೆಲೆಗಿಂತ ಕಡಿಮೆಗೆ ಇಷ್ಟೂ ಬರುತ್ತದೆ. ಜಿಆರ್‌ಬಿಎಲ್ ಮತ್ತು ಲಿನಕ್ಸ್‌ಸಿಎನ್‌ಸಿ ಎರಡೂ ಉಚಿತ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ಮೋಟಾರಿನ ಕಡ್ಡಿಗೆ ಒಂದು ಕಾಗದದ ಬಾಣ ಅಂಟಿಸಿ, ಸ್ವಿಚ್ ಬದಲಿಸಿ, 200 ಹೆಜ್ಜೆಗೆ ಒಂದು ಸುತ್ತು ಬಂತೇ, 1,600 ಪಲ್ಸಿಗೆ ಬಂತೇ ಎಂದು ನೋಡಿದರೆ ಒಂದೇ ಮಧ್ಯಾಹ್ನದಲ್ಲಿ ವಿಷಯ ತಿಳಿಯುತ್ತದೆ. 2016ರಿಂದ ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ಬಂದಿವೆ. ಅಲ್ಲಿರುವ 3ಡಿ ಪ್ರಿಂಟರಿನ ಒಳಗೂ ಇದೇ ಮೋಟಾರ್, ಇಂಥದೇ ಡ್ರೈವರ್. ಯಾವ ಶಾಲೆಯಲ್ಲಿ ಓದುವಾಗ ಅದನ್ನು ನೋಡಿ ಬಂದವರಿದ್ದಾರೋ ಅವರು ಉಳಿದವರಿಗೆ ಕಲಿಸಬಹುದು.

ಆಮೇಲೆ ಇಬ್ಬಿಬ್ಬರ ಜೋಡಿ ಮಾಡಬೇಕು. ಒಬ್ಬರು ಸೈನ್ಸ್, ಒಬ್ಬರು ಕಾಮರ್ಸ್. ಶನಿವಾರ ಕ್ಲಾಸ್ ಮುಗಿದ ಮೇಲೆ ಕೇಳಿಕೊಂಡ ಅಂಗಡಿಗಳಿಗೆ ಉಪನ್ಯಾಸಕರ ಅನುಮತಿಯೊಂದಿಗೆ ಹೋಗಿ ಮಷಿನ್ ಖಾತೆ ಬರೆದುಕೊಡಬೇಕು. ಹುಡುಗಿಯರಿಗೆ ಅಂಗಡಿಗೆ ಹೋಗಲು ಮನೆಯಲ್ಲಿ ಅನುಮತಿ ಸಿಗದಿದ್ದರೆ ಫೋಟೋಗಳನ್ನು ಕಾಲೇಜಿಗೆ ತರಿಸಿ ಲೆಕ್ಕ ಹಾಕುವ, ತಾಳೆ ನೋಡುವ ಕೆಲಸ ಮಾಡಬಹುದು. ಇದರಲ್ಲಿ ಭಾರ ಎತ್ತುವುದು ಏನೂ ಇಲ್ಲ. ಲೆಕ್ಕದಲ್ಲಿ ನಮ್ಮ ಕ್ಲಾಸಿನ ಹುಡುಗಿಯರು ಹುಡುಗರಿಗಿಂತ ಹಿಂದೆ ಇಲ್ಲ ಎಂಬುದು ಎಲ್ಲರಿಗೂ ಗೊತ್ತು.

ಮಷಿನ್ ಕೊಳ್ಳಲು ಹೊರಟ ಮನೆಯವರಿಗೂ ಒಂದು ಮಾತು ಹೇಳೋಣ. ದುಡ್ಡು ಕೊಡುವ ಮೊದಲೇ ಸೆಟ್ಟಿಂಗ್‌ಗಳ ಪಟ್ಟಿಯನ್ನು ಬಿಲ್ಲಿನ ಜೊತೆ ಬರೆದು ಕೊಡಿ ಎಂದು ಕೇಳಿ. ದುಡ್ಡು ಕೊಟ್ಟ ಮೇಲೆ ಕೇಳಿದರೆ ‘ನಾಳೆ’ ಎನ್ನುತ್ತಾರೆ, ಮೊದಲೇ ಕೇಳಿದರೆ ಅಲ್ಲೇ ಕೊಡುತ್ತಾರೆ. ವ್ಯಾಪಾರದ ಈ ನಿಯಮ ಕಲಿಯಲು ಕಾಮರ್ಸ್ ಓದಬೇಕಾಗಿಲ್ಲ.

ಪರೀಕ್ಷೆ ಮುಗಿದ ಮೇಲೆ ರಜೆಯಲ್ಲಿ ನಾಲ್ಕು ಅಂಗಡಿಗಳಿಂದ ಶುರು ಮಾಡಿದರೂ ಸಾಕು. ನಾಲ್ಕು ಪುಟ ಬರೆದಿಟ್ಟರೆ ಐದನೆಯವರು ತಾವೇ ಕರೆಯುತ್ತಾರೆ. ಆಸಕ್ತಿ ಇರುವ ಗೆಳೆಯ ಗೆಳತಿಯರು ತಮ್ಮ ಹೆಸರನ್ನು ಕ್ಲಾಸಿನ ಪ್ರತಿನಿಧಿಯ ಹತ್ತಿರ ಕೊಡಿ. ಪ್ರಾಂಶುಪಾಲರಿಗೆ ಮನವಿ ಬರೆಯುವ ಜವಾಬ್ದಾರಿ ನಾನು ತೆಗೆದುಕೊಳ್ಳುತ್ತೇನೆ.